ಸಹಿ ನಿಮ್ಮದೊಂದೇ ಸಾಕು, ತಂಗಿ

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಶಿರಸಿ ತಾಲೂಕಿನ ಒಂದು ಹಳ್ಳಿಯವಳು. ಇಬ್ಬರು ಮಕ್ಕಳು, ಚಿಕ್ಕವನಿಗೆ ಇನ್ನೂ ಎರಡು ತುಂಬಿಲ್ಲ. ಕಾಪರ್‌ಟಿ ಹಾಕಿಸಿಕೊಂಡಿದ್ದೆ, ಜಾರಿ ಹೋಗಿರಬೇಕು. ಚೌತಿಯ ಮರುದಿನ ಮುಟ್ಟಾಗಿದ್ದೆ, ಆಮೇಲೆ ಆಗಿಲ್ಲ. ನಾಳಿದ್ದು ದೀಪಾವಳಿ. ಮೂರನೆಯದು ನನ್ನಿಂದ ಸಾಧ್ಯವಿಲ್ಲ. ಒಂದು ಆಸ್ಪತ್ರೆಯಲ್ಲಿ ಕೇಳಿದರೆ, ಗಂಡನ ಸಹಿ ಬೇಕು, ಜೊತೆಗೆ ಮಕ್ಕಳಾಗದ ಆಪರೇಷನ್ನೂ ಮಾಡಿಸಿಕೊಳ್ಳಬೇಕು ಎಂದರು. ಗಂಡ ಗೋವಾದಲ್ಲಿ ಕೆಲಸಕ್ಕಿದ್ದಾರೆ. ಪರಿಚಯದವರೊಬ್ಬರು ಮೆಡಿಕಲ್‌ನಿಂದ ಮಾತ್ರೆ ತಂದುಕೊಡುತ್ತೇನೆ ಅನ್ನುತ್ತಾರೆ. ತಗೊಳ್ಳಲಾ?

ಉತ್ತರ: ತಂಗಿ, ನಿಮ್ಮ ಪತ್ರ ಬಂದ ದಿನವೇ ಫೋನಿನಲ್ಲಿ ಮಾತಾಡಿದ್ದೇವೆ. ಇದೇ ಪ್ರಶ್ನೆ ಹೊತ್ತುಕೊಂಡು ಸುಮ್ನೆ ಕೂತಿರುವ ಬೇರೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಹಿಯ ವಿಷಯ. ಹದಿನೆಂಟು ತುಂಬಿದ ಹೆಂಗಸಿಗೆ ಗರ್ಭ ತೆಗೆಸಲು ಅವಳ ಒಪ್ಪಿಗೆಯೊಂದೇ ಸಾಕು. ಗಂಡನದ್ದು ಬೇಡ, ಅತ್ತೆಯದ್ದು ಬೇಡ, ಅಪ್ಪನದ್ದೂ ಬೇಡ. ಹದಿನೆಂಟು ತುಂಬದಿದ್ದರೆ ಅಥವಾ ಮಾನಸಿಕ ಕಾಯಿಲೆ ಇದ್ದರೆ ಮಾತ್ರ ಪೋಷಕರ ಸಹಿ ಕೇಳುತ್ತಾರೆ. ಒಪ್ಪಿಗೆ ಬರೆದುಕೊಡುವ ಹಾಳೆಗೆ ಫಾರಂ ಸಿ ಎಂದು ಹೆಸರು. ಅದರಲ್ಲಿ ಗಂಡ ಸಹಿ ಹಾಕುವ ಜಾಗವೇ ಇಲ್ಲ. ಆಪರೇಷನ್ ಮಾಡಿಸಿಕೊಂಡರೆ ಮಾತ್ರ ತೆಗೆಯುತ್ತೇವೆ ಅನ್ನುವುದಕ್ಕೂ ಕಾನೂನಿನ ಆಧಾರ ಇಲ್ಲ. ನಿಮ್ಮ ಹೆಸರು ಹೊರಗೆ ಹೋಗಬಾರದು. ಬಾಯಿಬಿಟ್ಟವರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.

ಇನ್ನು ದಿನಗಳ ಲೆಕ್ಕ. ಬಹಳ ಜನ ಇಲ್ಲಿ ತಪ್ಪುತ್ತಾರೆ. ಮುಟ್ಟು ತಪ್ಪಿದ ದಿನದಿಂದ ಎಣಿಸಿ 'ಒಂದು ತಿಂಗಳಾಯ್ತು ಅಷ್ಟೇ' ಅಂದುಕೊಳ್ಳುತ್ತಾರೆ. ನಾವು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಚೌತಿಯ ಮರುದಿನದಿಂದ ದೀಪಾವಳಿಯ ಹೊತ್ತಿಗೆ ನಿಮಗೆ ಏಳೂವರೆ ವಾರ. ನಮ್ಮ ದೇಶದಲ್ಲಿ ಮಾತ್ರೆಯಿಂದ ಗರ್ಭ ತೆಗೆಯಲು ಅವಕಾಶ ಒಂಬತ್ತು ವಾರದವರೆಗೆ. ಅಂದರೆ ನಿಮ್ಮ ಕೈಯಲ್ಲಿರುವುದು ಹತ್ತು ದಿನ. ಅದು ದಾಟಿದರೂ ದಾರಿ ಮುಚ್ಚುವುದಿಲ್ಲ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಗರ್ಭಿಣಿಯಾಗಿದ್ದಾಗ ಗಂಡ ತೀರಿಕೊಂಡವರು ಅಥವಾ ವಿಚ್ಛೇದನ ಆದವರು, ಹೀಗೆ ಕೆಲವರಿಗೆ ಇಬ್ಬರು ವೈದ್ಯರು ಒಪ್ಪಿದರೆ 24 ವಾರದವರೆಗೆ ಅವಕಾಶವಿದೆ. ಆದರೆ ವಾರ ಕಳೆದಷ್ಟೂ ಕಷ್ಟ, ಖರ್ಚು, ಅಪಾಯ ಎಲ್ಲ ಜಾಸ್ತಿ.

ಮೆಡಿಕಲ್‌ನ ಮಾತ್ರೆ? ಬೇಡ ತಂಗಿ. ಮಾತ್ರೆ ಕೆಟ್ಟದ್ದಲ್ಲ. ನಾನೂ ಅದನ್ನೇ ಬರೆದುಕೊಡುತ್ತೇನೆ. ಮೊದಲು ಒಂದು ಮಾತ್ರೆ, ಒಂದೂವರೆ ಎರಡು ದಿನ ಬಿಟ್ಟು ಇನ್ನೊಂದು ಬಗೆಯದು. ಎರಡು ವಾರಕ್ಕೆ ಮತ್ತೆ ತಪಾಸಣೆ. ನನ್ನ ಹೆದರಿಕೆ ನಿಮ್ಮ ಕಾಪರ್‌ಟಿಯದ್ದು. ಜಾರಿ ಬಿದ್ದದ್ದನ್ನು ನೀವು ಕಣ್ಣಾರೆ ಕಂಡಿಲ್ಲ. ಅದು ಒಳಗೇ ಇದ್ದು ಗರ್ಭ ನಿಂತಿದ್ದರೆ, ಅದು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ಬೆಳೆಯುತ್ತಿರುವ ಸಂಭವ ಬೇರೆಯವರಿಗಿಂತ ಜಾಸ್ತಿ. ಆ ಗರ್ಭ ಈ ಮಾತ್ರೆಗೆ ಹೋಗುವುದಿಲ್ಲ. ನಾಳ ಒಡೆದು ಹೊಟ್ಟೆಯೊಳಗೇ ರಕ್ತ ಹರಿಯುತ್ತದೆ.

ಒಂದು ಮಳೆಗಾಲದ ರಾತ್ರಿ ಘಟ್ಟದ ಮೇಲಿನಿಂದ ಒಬ್ಬರನ್ನು ಹಾಲಿನ ವ್ಯಾನಿನಲ್ಲಿ ಕರೆತಂದಿದ್ದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕಾಗದದ ಹಾಗೆ ಬಿಳಿ. ಕೈಚೀಲದೊಳಗೆ ಮಾತ್ರೆಯ ಖಾಲಿ ಪಟ್ಟಿ, ಅದರ ಜೊತೆ ಮಗುವಿನ ಶಾಲೆಯ ಫೀಸಿನ ರಸೀದಿ. ರಕ್ತ ಕೊಟ್ಟು, ಆಪರೇಷನ್ ಮಾಡಿ ಉಳಿಸಿಕೊಂಡೆವು. ಎಚ್ಚರವಾದ ಮೇಲೆ ಆಕೆ ಮೊದಲು ಕೇಳಿದ್ದು, 'ಪೊಲೀಸರಿಗೆ ಹೇಳ್ತೀರಾ?' ಕಾನೂನು ತನ್ನ ಪರವಾಗಿಯೇ ಇದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ಮೊದಲು ಸ್ಕ್ಯಾನಿಂಗ್. ಆಮೇಲೆ ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪು. ನೆಗೆಟಿವ್ ಗುಂಪಾಗಿದ್ದರೆ ಇಂಜೆಕ್ಷನ್ ಬೇಕೇ ಎಂದು ವೈದ್ಯರು ನೋಡುತ್ತಾರೆ. ಮಾತ್ರೆ ತೆಗೆದುಕೊಂಡ ಮೇಲೆ ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಮುಂದುವರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಜ್ವರ ಬಿಡದಿದ್ದರೆ, ಕೆಟ್ಟ ವಾಸನೆಯ ಸ್ರಾವ ಇದ್ದರೆ, ಆಗಲೂ ಹೊರಡಿ.

ಪ್ರಶ್ನೆ: ನಾನು ಕುಮಟಾದ ನಿವೃತ್ತ ಶಿಕ್ಷಕ. ಗರ್ಭಪಾತ ಇಷ್ಟು ಸುಲಭವಾದರೆ ಹುಡುಗಿಯರು ದಾರಿ ತಪ್ಪುವುದಿಲ್ಲವೇ? ಕಾನೂನು ಬಿಗಿ ಮಾಡಬೇಕಲ್ಲವೇ?

ಉತ್ತರ: ಮಾಸ್ತರರೇ, ಮುಚ್ಚುಮರೆ ಇಲ್ಲದೆ ಕೇಳಿದ್ದೀರಿ, ಸಂತೋಷ. ಬಿಗಿ ಇದ್ದ ಕಾಲವನ್ನು ನಮ್ಮ ದೇಶ ನೋಡಿದೆ. 1971ರ ಕಾಯ್ದೆ ಬರುವ ಮೊದಲು ಹೆಂಗಸಿನ ಜೀವ ಉಳಿಸಲು ಬಿಟ್ಟರೆ ಬೇರೆ ಯಾವ ಕಾರಣಕ್ಕೆ ಗರ್ಭ ತೆಗೆದರೂ ಅಪರಾಧವಾಗಿತ್ತು. ತೆಗೆಸಿಕೊಂಡವಳಿಗೂ ಜೈಲು. ಹಾಗಂತ ಗರ್ಭಪಾತ ನಿಂತಿತ್ತಾ? ಕಡ್ಡಿ, ಬೇರು, ನಾಟಿ ಮದ್ದು ಎಂದು ಕತ್ತಲಲ್ಲಿ ನಡೆಯುತ್ತಿತ್ತು. ದಂಡಸಂಹಿತೆಯ ಜಾಗಕ್ಕೆ ಬಂದಿರುವ ನ್ಯಾಯ ಸಂಹಿತೆಯಲ್ಲೂ ಆ ಅಪರಾಧ ಇದೆ. 1971ರ ಕಾಯ್ದೆ ಅದಕ್ಕೊಂದು ವಿನಾಯಿತಿ, ಅಷ್ಟೇ. ಇದನ್ನು ಬಿಗಿ ಮಾಡಿದರೆ ಹೆಂಗಸರು ಮತ್ತೆ ಆ ಕತ್ತಲಿಗೇ ಹೋಗಬೇಕು.

ಬೆಳಗಾವಿಯ ಸವಿತಾ ಹಾಲಪ್ಪನವರ ನಿಮಗೆ ನೆನಪಿರಬಹುದು. ದಂತವೈದ್ಯೆ, ಐರ್ಲೆಂಡಿನಲ್ಲಿದ್ದರು. 2012ರಲ್ಲಿ 17 ವಾರದ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ, ಮಗುವಿನ ಎದೆಬಡಿತ ಇದೆ ಎಂದು ಅಲ್ಲಿನ ಆಸ್ಪತ್ರೆ ತೆಗೆಯಲು ಒಪ್ಪಲಿಲ್ಲ. ಸೋಂಕು ರಕ್ತಕ್ಕೇರಿ ಅಕ್ಟೋಬರ್ 28ರಂದು ತೀರಿಕೊಂಡರು. ವಯಸ್ಸು 31. ಮದುವೆಯಾಗಿದ್ದರು, ಮಗು ಬೇಕು ಎಂದೇ ಬಸಿರಾಗಿದ್ದರು. ಬಿಗಿ ಕಾನೂನು ದಾರಿ ತಪ್ಪಿದವರು ಯಾರು, ತಪ್ಪದವರು ಯಾರು ಎಂದು ನೋಡುವುದಿಲ್ಲ ಮಾಸ್ತರರೇ. 2018ರಲ್ಲಿ ಅಲ್ಲಿನ ಜನರೇ ಮತ ಹಾಕಿ ಸಂವಿಧಾನದ ಆ ನಿಷೇಧವನ್ನು ತೆಗೆದರು.

ಮದುವೆಯಾಗದ ಹುಡುಗಿಯರ ಬಗ್ಗೆ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದೇ ಹೇಳಿದೆ: ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಅವರನ್ನು ಬೇರೆ ಮಾಡಬಾರದು.

ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆ ತಲುಪುವುದೇ ಒಂದು ಯುದ್ಧ, ಅಲ್ವಾ? 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದು ನೀವು ಹತ್ತಿರದಿಂದ ನೋಡಿದ್ದೀರಿ. ಹತ್ತು ದಿನ ಉಳಿದಿರುವ ಹೆಂಗಸಿಗೆ ಅಂಥ ಒಂದು ವಾರ ಅಂದರೆ ಏನು, ಯೋಚಿಸಿ. ಊರಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೇವೆ ವಾರದಲ್ಲಿ ಎಷ್ಟು ದಿನ ಸಿಗುತ್ತದೆ, ಹೆರಿಗೆ ಡಾಕ್ಟರ್ ರಜೆಯಲ್ಲಿದ್ದರೆ ಯಾರು ನೋಡುತ್ತಾರೆ ಎಂದು ಒಮ್ಮೆ ಹೋಗಿ ಕೇಳುತ್ತೀರಾ? ಉತ್ತರ ಸಿಕ್ಕರೆ ನನಗೂ ಬರೆಯಿರಿ.