ಒಂದು ಕಂದು, ಇನ್ನೊಂದು ಹಸಿರು: ಅಸಲಿ ಪ್ರೊಪೊಲಿಸ್ ಯಾವುದು?

ಪ್ರಶ್ನೆ: ನನ್ನ ಬಳಿ ಎರಡು ಬಾಟಲಿ ಪ್ರೊಪೊಲಿಸ್ (ಜೇನುಗೂಡಿನ ಅಂಟು) ಇದೆ. ಒಂದು ಕಡು ಕಂದು, ಇನ್ನೊಂದು ಹಸಿರು. ವಾಸನೆಯೂ ಬೇರೆ ಬೇರೆ. ಎರಡನ್ನೂ ಜೇನುನೊಣವೇ ಮಾಡಿದ್ದಾದರೆ ಇಷ್ಟು ವ್ಯತ್ಯಾಸ ಯಾಕೆ? ಒಂದು ನಕಲಿ ಇರಬಹುದೇ?

ಉತ್ತರ: ಎರಡೂ ಅಸಲಿ ಇರಬಹುದು. ಮಕರಂದದಿಂದ ಜೇನುತುಪ್ಪ ಮಾಡುವ ಹಾಗೆ ನೊಣ ಪ್ರೊಪೊಲಿಸನ್ನು ಮಾಡುವುದಿಲ್ಲ. ಮೊಗ್ಗು, ಚಿಗುರು, ತೊಗಟೆಯ ಗಾಯಗಳಲ್ಲಿ ಒಸರುವ ಅಂಟನ್ನು ಕಚ್ಚಿ ಕಿತ್ತು, ಹಿಂಗಾಲಿನಲ್ಲಿ ಹೊತ್ತು ತರುತ್ತದೆ. ಮೇಣ ಬೆರೆಸಿ ಗೂಡಿನ ಬಿರುಕು ಮುಚ್ಚುತ್ತದೆ, ಒಳಗೋಡೆಗೆ ಬಳಿಯುತ್ತದೆ. ಅಂಟಿನ ರಸಾಯನ ಬಹುಪಾಲು ಗಿಡದಲ್ಲಿದ್ದಂತೆಯೇ ಉಳಿಯುತ್ತದೆ. ಗಿಡ ಬದಲಾಯಿತೆಂದರೆ ಸರಕೇ ಬದಲಾಯಿತು.

ನಿಮ್ಮ ಕಂದು ಬಾಟಲಿ ಬಹುಶಃ ಪಾಪ್ಲರ್ ಮರದ್ದು. ಯುರೋಪ್, ಉತ್ತರ ಅಮೆರಿಕದ ನೊಣಗಳು ಅದರ ಮೊಗ್ಗಿನ ಅಂಟನ್ನೇ ಜಾಸ್ತಿ ತರುತ್ತವೆ. ಅದರಲ್ಲಿ ಕ್ರೈಸಿನ್, ಗ್ಯಾಲಂಜಿನ್, ಪಿನೊಸೆಂಬ್ರಿನ್ ಎಂಬ ಫ್ಲೇವನಾಯ್ಡ್‌ಗಳು (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕ), ಜೊತೆಗೆ ಕೆಫೀಕ್ ಆಮ್ಲದ ಎಸ್ಟರ್‌ಗಳು ಇರುತ್ತವೆ. ಹಸಿರಿನದು ಬ್ರೆಜಿಲ್ ಕಡೆಯದಿರಬೇಕು. ಅಲ್ಲಿ ಬ್ಯಾಕರಿಸ್ ಎಂಬ ಪೊದೆಗಿಡದ ಎಳೆ ಚಿಗುರನ್ನೇ ನೊಣಗಳು ಕತ್ತರಿಸಿ ತರುತ್ತವೆ. ಹಸಿರು ಬರುವುದು ಆ ಎಲೆಚೂರುಗಳಿಂದ. ಅದರ ಮುಖ್ಯ ವಸ್ತು ಆರ್ಟೆಪಿಲಿನ್ ಸಿ. ಪಾಪ್ಲರ್ ಅಂಟಿನಲ್ಲಿ ಅದನ್ನು ಹುಡುಕಿದರೆ ಸಿಗದು. ಬ್ರೆಜಿಲ್‌ನಲ್ಲೇ ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಡಾಲ್ಬರ್ಜಿಯಾ ಗಿಡದಿಂದ ಕೆಂಪು ಪ್ರೊಪೊಲಿಸ್ ಬರುತ್ತದೆ. ಕಾಂಡದಲ್ಲಿ ಹುಳು ಕೊರೆದ ತೂತಿನಿಂದ ಜಿನುಗುವ ಕೆಂಪು ರಸ ಅದು. ಕ್ಯೂಬಾದಲ್ಲಿ ಕ್ಲೂಸಿಯಾ ಹೂವಿನ ಅಂಟು, ಜಪಾನಿನ ಓಕಿನಾವಾದಲ್ಲಿ ಮಕರಂಗ ಮರದ ಅಂಟು.

'ಅರ್ಧ ರಾಳ, ಶೇ. 30 ಮೇಣ, ಶೇ. 10 ಸುಗಂಧ ತೈಲ, ಶೇ. 5 ಪರಾಗ' ಅನ್ನುವ ಲೆಕ್ಕ ಎಲ್ಲ ಕಡೆ ಓದುತ್ತೀರಿ. ಸುಮಾರು ಅಂದಾಜಿಗೆ ಸರಿ. ಆದರೆ ನಾನು ಜೇನುಪೆಟ್ಟಿಗೆಗಳ ಚೌಕಟ್ಟು ಕೆರೆಯುವಾಗ ಒಂದು ಪೆಟ್ಟಿಗೆಯದು ಬರೀ ಮೇಣದಂತಿರುತ್ತದೆ, ಪಕ್ಕದ್ದು ಬಿಸಿಲಿಗೆ ಉಳಿಗೇ ಮೆತ್ತಿಕೊಳ್ಳುತ್ತದೆ. ಇನ್ನೊಂದು ವಿಷಯ: ಗಿಡದ ಅಂಟು ಸಿಗದಿದ್ದರೆ ನೊಣ ಹಸಿ ಬಣ್ಣ, ರಸ್ತೆಯ ಡಾಂಬರನ್ನೂ ಹೊತ್ತು ತರುತ್ತದೆ. ಹಾಗಾಗಿ 'ಶುದ್ಧ ಪ್ರೊಪೊಲಿಸ್' ಎಂಬ ಚೀಟಿ ನನಗೆ ಏನೂ ಹೇಳುವುದಿಲ್ಲ. ಯಾವ ಗಿಡದ್ದು, ಎಲ್ಲಿಯದು ಎಂದು ಬರೆದಿದೆಯೇ ನೋಡಿ. ಚರ್ಮದ ಅಲರ್ಜಿ ಇರುವವರು ಸುಮ್ನೆ ಹಚ್ಚಿಕೊಳ್ಳಬೇಡಿ. ಮೇಲೆ ಹೇಳಿದ ಕೆಫೀಕ್ ಎಸ್ಟರ್‌ಗಳೇ ತುರಿಕೆ ಎಬ್ಬಿಸುತ್ತವೆ.

ಪ್ರಶ್ನೆ: ತುಡುವೆ ಜೇನಿನ ಪೆಟ್ಟಿಗೆಯಲ್ಲಿ ಪ್ರೊಪೊಲಿಸ್ ಕಾಣುವುದಿಲ್ಲವಲ್ಲ, ಯಾಕೆ?

ಉತ್ತರ: ತುಡುವೆಗೆ ಅಂಟು ತರುವ ಅಭ್ಯಾಸ ಇಲ್ಲವೆಂದೇ ಹೇಳಬೇಕು. ಬಿರುಕು ಮುಚ್ಚುವ ಚಟ ಮೆಲ್ಲಿಫೆರಾ (ಯುರೋಪಿನ ಜೇನು) ನೊಣಕ್ಕೆ. ಕುಟುಕದ ಪುಟ್ಟ ಮುಜಂಟಿಯಂತೂ ಇಡೀ ಗೂಡನ್ನೇ ಅಂಟು, ಮೇಣ ಕಲಸಿ ಕಟ್ಟುತ್ತದೆ. ಕೋಲುಜೇನು ತಟ್ಟಿ ಕಟ್ಟಿದ ಕೊಂಬೆಯ ಎರಡೂ ಬದಿಗೆ ಅಂಟಿನ ಪಟ್ಟಿ ಬಳಿಯುತ್ತದೆ. ಇರುವೆ ಅದನ್ನು ದಾಟಲಾರದು.