ಸಂಪಾದಕರ ಉತ್ತರ: ಜಾನ್ ವೇರ್ ಮನೆಯವರು

ಮಾನ್ಯರೇ,

ಕೆನಡಾದ ಆಲ್ಬರ್ಟಾದಲ್ಲಿ ದನ ಸಾಕಿ ಹೆಸರಾದ, ಕಪ್ಪು ಜನಾಂಗದ ಜಾನ್ ವೇರ್ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಹೋರಿಯನ್ನು ಕೊಂಬು ಹಿಡಿದು ಕೆಡವಿದ, ಮಂದೆಯ ಬೆನ್ನ ಮೇಲೆಯೇ ನಡೆದು ಆಚೆ ದಾಟಿದ ಸಾಹಸಗಳಿಗೆ ಎರಡು ಪುಟ ಕೊಟ್ಟು, ಹೆಂಡತಿ ಮಕ್ಕಳಿಗೆ ಒಂದೇ ವಾಕ್ಯ ಕೊಟ್ಟಿದ್ದೀರಿ ಎಂಬುದು ತಮ್ಮ ಆಕ್ಷೇಪ. ಅಲ್ಲಿನ ಮೇವಿನ ನೆಲ ನಮ್ಮ ಗೋಮಾಳದಂಥದೇ, ಹಿಮದಲ್ಲಿ ದನಗಳು ಕೊಟ್ಟಿಗೆಯಿಲ್ಲದೆ ಬದುಕುತ್ತಿದ್ದುದು ಹೇಗೆ, ಬೇರೂರಿದ ಜಾಗವನ್ನು ಬಿಟ್ಟು ಆ ಕುಟುಂಬ ಹೊರಟಿದ್ದೇಕೆ ಎಂದೂ ಕೇಳಿದ್ದೀರಿ. ಆಕ್ಷೇಪವನ್ನು ಒಪ್ಪುತ್ತೇವೆ, ಅದರ ಜೊತೆಗೆ, ತಮ್ಮ ಕಣ್ಣಿಗೆ ಬೀಳದ ಇನ್ನೊಂದು ತಪ್ಪನ್ನೂ ನಾವೇ ಹೇಳಬೇಕು. 'ಯಾರದೂ ಅಲ್ಲದ ಹುಲ್ಲುಗಾವಲು' ಎಂದು ಅಚ್ಚು ಮಾಡಿದ್ದೆವು. ಅದು ಅಲ್ಲಿನ ಮೂಲನಿವಾಸಿಗಳಾದ ಬ್ಲ್ಯಾಕ್‌ಫುಟ್ ಜನರ ನೆಲ. ಅವರೂ ನೆರೆಯ ಬುಡಕಟ್ಟುಗಳೂ 1877ರಲ್ಲಿ ಸರ್ಕಾರದೊಂದಿಗೆ ನೆಲದ ಕುರಿತ 'ಏಳನೆಯ ಒಪ್ಪಂದ'ಕ್ಕೆ ಸಹಿ ಹಾಕಿದ ಕೆಲವೇ ವರ್ಷಗಳಲ್ಲಿ, ಅವರ ಅನ್ನವಾಗಿದ್ದ ಕಾಡೆಮ್ಮೆಯ (ಬೈಸನ್) ಹಿಂಡುಗಳು ಅಲ್ಲಿಂದ ಕಾಣೆಯಾದವು. ಅವು ಮೇಯ್ದು ಬಿಟ್ಟ ಹುಲ್ಲಿಗೇ ದನಗಳು ಬಂದದ್ದು.

ಗೋಮಾಳದ ಹೋಲಿಕೆ ಇಲ್ಲಿ ಸಲ್ಲುವುದಿಲ್ಲ. ಗೋಮಾಳ ಊರದನಗಳಿಗೆಂದು ಬಿಟ್ಟ ನೆಲ. ಅಲ್ಲಿಯದು ಗುತ್ತಿಗೆಯ ವ್ಯವಹಾರ. 1881ರಲ್ಲಿ ಕೆನಡಾ ಸರ್ಕಾರವು ಒಬ್ಬ ಗುತ್ತಿಗೆದಾರನಿಗೆ 1 ಲಕ್ಷ ಎಕರೆಯವರೆಗೆ, ಎಕರೆಗೆ ವರ್ಷಕ್ಕೆ 1 ಸೆಂಟಿನಂತೆ, 21 ವರ್ಷಗಳಿಗೆ ಹುಲ್ಲುಗಾವಲನ್ನು ಕೊಡಲು ನಿರ್ಧರಿಸಿತು. ಇದರಿಂದ ಲಾಭ ಪಡೆದವು ದೊಡ್ಡ ಬಂಡವಾಳದ ಕಂಪನಿಗಳು. ಅಮೆರಿಕದ ದಕ್ಷಿಣದಲ್ಲಿ ಗುಲಾಮನಾಗಿ ಹುಟ್ಟಿದ ವೇರ್, 1882ರಲ್ಲಿ ಅಂಥ ಒಂದು ಕಂಪನಿಗಾಗಿ ಐಡಾಹೊದಿಂದ ಸುಮಾರು 3,000 ದನಗಳನ್ನು ಉತ್ತರಕ್ಕೆ ಅಟ್ಟಿಕೊಂಡು ಬಂದ ಆಳುಗಳಲ್ಲಿ ಒಬ್ಬ. 1885ರಲ್ಲಿ ಆತ ನಾಲ್ಕು ಒಂಬತ್ತುಗಳ ಬರೆಗುರುತನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿದ. ಬೇಲಿಯಿಲ್ಲದ ಬಯಲಿನಲ್ಲಿ ಎಲ್ಲರ ದನಗಳೂ ಬೆರೆತು ಮೇಯುತ್ತಿದ್ದುದರಿಂದ, ಕರುವಿನ ಚರ್ಮದ ಮೇಲೆ ಸುಟ್ಟ ಆ ಗುರುತೇ ಒಡೆತನದ ಪತ್ರವಾಗಿತ್ತು.

ಚಳಿಗಾಲದ ಪ್ರಶ್ನೆಗೆ ಉತ್ತರ ಗಾಳಿಯಲ್ಲಿದೆ. ಶಾಂತಸಾಗರದಿಂದ ಬರುವ ಗಾಳಿ ರಾಕಿ ಪರ್ವತಗಳನ್ನು ಹತ್ತುವಾಗ ತೇವವನ್ನೆಲ್ಲ ಸುರಿಸಿ, ಈಚೆಗೆ ಇಳಿಯುವಾಗ ಬಿಸಿಯಾಗಿ ಒಣಗಿ ಬೀಸುತ್ತದೆ. ಅದನ್ನು ಅಲ್ಲಿ 'ಚಿನೂಕ್' ಎನ್ನುತ್ತಾರೆ. ಕೆಲವೇ ಗಂಟೆಗಳಲ್ಲಿ ಉಷ್ಣಾಂಶ 20 ಡಿಗ್ರಿ ಏರಿ ಹಿಮ ಕರಗಿದರೆ, ನಿಂತಲ್ಲೇ ಒಣಗಿಯೂ ಸತ್ವ ಉಳಿಸಿಕೊಂಡ ಫೆಸ್ಕ್ಯೂ ಹುಲ್ಲು ಅಡಿಯಲ್ಲಿ ಮೇವಾಗಿ ಸಿಗುತ್ತದೆ. ಆದರೆ ಕುದುರೆಯಂತೆ ದನ ಗೊರಸಿನಿಂದ ಹಿಮವನ್ನು ಕೆರೆದು ತಿನ್ನುವುದಿಲ್ಲ. ಚಿನೂಕ್ ಬಾರದಿದ್ದರೆ, ಅದಕ್ಕಿಂತ ಹೆಚ್ಚಾಗಿ ಅರ್ಧ ಕರಗಿಸಿ ನಿಂತು, ಕರಗಿದ ನೀರು ಮೇಲೆ ಮಂಜುಗಡ್ಡೆಯಾಗಿ ಕಟ್ಟಿಕೊಂಡರೆ, ಹುಲ್ಲು ಕಾಲಡಿಯಲ್ಲೇ ಇದ್ದೂ ಮಂದೆ ಹಸಿವಿನಿಂದ ಸಾಯುತ್ತದೆ. 1886-87ರ ಮತ್ತು 1906-07ರ ಚಳಿಗಾಲಗಳಲ್ಲಿ ಆದದ್ದು ಇದೇ. ಬೇಸಿಗೆಯಲ್ಲಿ ಹುಲ್ಲು ಕೊಯ್ದು ಬಣವೆ ಒಟ್ಟಿಕೊಂಡ ಸಣ್ಣ ಒಡೆಯರು, ಗಾಳಿಯನ್ನೇ ನಂಬಿದ ದೊಡ್ಡ ಕಂಪನಿಗಳಿಗಿಂತ ಬುದ್ಧಿವಂತರು ಎಂದು ನಮಗೆ ತೋರುತ್ತದೆ.

ಇನ್ನು ಮನೆಯ ವಿಷಯ. ಒಂಟಾರಿಯೊದಿಂದ ತಂದೆತಾಯಿಯೊಡನೆ ಕ್ಯಾಲ್ಗರಿಗೆ ಬಂದಿದ್ದ ಮಿಲ್ಡ್ರೆಡ್ ಲೂಯಿಸ್ 1892ರಲ್ಲಿ ಜಾನ್ ವೇರನನ್ನು ಮದುವೆಯಾಗಿ, ಮಿಲರ್‌ವಿಲ್ ಹತ್ತಿರದ ಬೆಟ್ಟದಡಿಯ ಮನೆಗೆ ಹೋದಳು. ಮರುವರ್ಷ ಹಿರಿಯ ಮಗಳು ನೆಟ್ಟಿ ಹುಟ್ಟಿದಳು. ಜಾನ್‌ಗೆ ಓದುಬರಹ ಬರುತ್ತಿರಲಿಲ್ಲ, ಮಿಲ್ಡ್ರೆಡ್‌ಗೆ ಬರುತ್ತಿತ್ತು. ದನದ ವ್ಯಾಪಾರವೆಂದರೆ ಸಾಲ, ರಸೀದಿ ಮತ್ತು ನೋಂದಣಿ ಎಂದು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹೋರಿ ಕೆಡವಿದ್ದನ್ನು ನೋಡಲು ಜನ ಸೇರಿದರು. ಲೆಕ್ಕ ಬರೆದದ್ದನ್ನು ಯಾರೂ ಕಥೆ ಕಟ್ಟಲಿಲ್ಲ, ನಾವೂ ಕಟ್ಟಲಿಲ್ಲ.

ಅವರು ಹೊರಟಿದ್ದೇಕೆಂದರೆ, ಬೇಲಿ ಬಂತು. 10 ಡಾಲರ್ ಶುಲ್ಕಕ್ಕೆ 160 ಎಕರೆ ಪಡೆದ ಸಾಗುವಳಿದಾರರು ಬೆಟ್ಟದಡಿಯನ್ನು ತುಂಬುತ್ತಿದ್ದಂತೆ ಮೇವಿನ ಬಯಲು ಕಿರಿದಾಯಿತು. 1900ರ ಸುಮಾರಿಗೆ ವೇರ್ ಕುಟುಂಬವು ಮಂದೆಯೊಂದಿಗೆ ಪೂರ್ವದ ಒಣಸೀಮೆಗೆ, ಈಗಿನ ಬ್ರೂಕ್ಸ್ ಬಳಿಯ ರೆಡ್ ಡೀರ್ ನದಿಯ ದಂಡೆಗೆ ಹೋಯಿತು. 1902ರಲ್ಲಿ ಹೊಳೆಯ ಪ್ರವಾಹ ಅವರ ಮನೆಯನ್ನು ಕೊಚ್ಚಿಕೊಂಡು ಹೋಯಿತು. ಹೊಳೆಯಲ್ಲಿ ತೇಲಿಬಂದ ದಿಮ್ಮಿಗಳನ್ನೇ ಎಳೆದು ಎತ್ತರದ ಜಾಗದಲ್ಲಿ ಮತ್ತೆ ಕಟ್ಟಿದರೆಂದು ಹೇಳುತ್ತಾರೆ. 1905ರ ವಸಂತದಲ್ಲಿ ಟೈಫಾಯ್ಡ್ ಮತ್ತು ನ್ಯುಮೋನಿಯಾದಿಂದ ಮಿಲ್ಡ್ರೆಡ್ ತೀರಿಕೊಂಡಳು. ಅದೇ ಸೆಪ್ಟೆಂಬರಿನಲ್ಲಿ, ಆಲ್ಬರ್ಟಾ ಪ್ರಾಂತ್ಯವಾಗಿ ಎರಡು ವಾರ ತುಂಬುವ ಮೊದಲೇ, ಜಾನ್‌ನ ಕುದುರೆ ಬ್ಯಾಜರ್ ಎಂಬ ಪ್ರಾಣಿ ತೋಡಿದ ಬಿಲಕ್ಕೆ ಕಾಲಿಟ್ಟು ಮುಗ್ಗರಿಸಿ ಅವನ ಮೇಲೆಯೇ ಬಿತ್ತು, ಅವನೂ ತೀರಿಕೊಂಡ. ಆಗ ನೆಟ್ಟಿಗೆ 12 ವರ್ಷ. ಮಕ್ಕಳನ್ನು ಸಾಕಿದವರು ತಾಯಿಯ ಕಡೆಯ ಅಜ್ಜ ಅಜ್ಜಿ.

ಕ್ಯಾಲ್ಗರಿಯಲ್ಲಿ ಜಾನ್‌ನ ಅಂತ್ಯಕ್ರಿಯೆಗೆ ಅಪಾರ ಜನ ಸೇರಿದ್ದು ನಿಜ. ಆತನ ನೆನಪಿಗೆ ಇಟ್ಟ ಸ್ಥಳನಾಮಗಳಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದ ದಶಕಗಳ ಕಾಲ ಉಳಿದದ್ದೂ ನಿಜ. 1911ರಲ್ಲಿ ಕಪ್ಪು ವಲಸಿಗರನ್ನು ಒಂದು ವರ್ಷ ತಡೆಯುವ ಆದೇಶವನ್ನು ಕೆನಡಾದ ಸಚಿವ ಸಂಪುಟ ಒಪ್ಪಿದ್ದೂ, ಅದು ಜಾರಿಗೆ ಬಾರದಿದ್ದರೂ, ನಿಜ. ನಮ್ಮ ಲೇಖನವು ಮೊದಲನೆಯದನ್ನಷ್ಟೇ ಹೇಳಿತ್ತು.

ಆ ಮರದ ಮನೆ ಈಗ ಡೈನೋಸಾರ್ ಪ್ರಾಂತೀಯ ಉದ್ಯಾನದಲ್ಲಿದೆ. ಜಾನ್, ಮಿಲ್ಡ್ರೆಡ್, ನೆಟ್ಟಿ ಮತ್ತು ಅವಳ ತಮ್ಮ ರಾಬರ್ಟ್ ಜೊತೆಯಾಗಿರುವ, 1896ರ ಸುಮಾರಿನ ಛಾಯಾಚಿತ್ರವೊಂದು ಉಳಿದಿದೆ. ಸ್ಥಳದ ಅಭಾವವೆಂದು ಅದನ್ನು ಕಳೆದ ಸಲ ಕೈಬಿಟ್ಟಿದ್ದೆವು. ಮುಂದಿನ ಸಂಚಿಕೆಯಲ್ಲಿ, ನಾಲ್ವರ ಹೆಸರುಗಳೊಂದಿಗೆ, ಅರ್ಧ ಪುಟಕ್ಕೆ ಹಾಕುತ್ತೇವೆ.

— ಸಂಪಾದಕ