ಮೇಸ್ತ್ರಿ ಅಂಗಡಿ ಮುಚ್ಚುವ ಮುನ್ನ

ಓದುಗರ ಪ್ರಶ್ನೆ – ಹಳೆಯ ಮೋಟರ್‌ಸೈಕಲ್

ಈ ಸಲದ ಪತ್ರಗಳಲ್ಲಿ ಬಹುಪಾಲು ಒಂದೇ ಸಂಗತಿಯನ್ನು ಕುರಿತವು. ಜಾವಾ, ಯೆಜ್ಡಿ, ಹಳೆ ಬುಲೆಟ್ ನೋಡಿಕೊಳ್ಳುತ್ತಿದ್ದ ಹಿರಿಯ ಮೇಸ್ತ್ರಿಗಳು ವಯಸ್ಸಾಯಿತೆಂದು ಅಂಗಡಿ ಬಿಡುತ್ತಿದ್ದಾರೆ. ಅಂಗಡಿಯ ಮನೆಯವರು, ಗಿರಾಕಿಗಳು, ಕೈಕೆಳಗೆ ಕೆಲಸ ಕಲಿತ ಹುಡುಗರು ಎಲ್ಲರೂ ಮುಂದೇನು ಎಂದು ಕೇಳಿದ್ದಾರೆ. ಜಾವಾ, ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತಿತು. ಆ ಗಾಡಿಗಳ ಅಸಲಿ ಸಾಮಾನು ಈಗ ಉಳಿದಿರುವುದು ಹೆಚ್ಚಾಗಿ ಇಂಥ ಅಂಗಡಿಗಳ ಅಟ್ಟದ ಮೇಲೆ. ಹಾಗಾಗಿ ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ತಂದೆಯವರು ದೀಪಾವಳಿಗೆ ಅಂಗಡಿ ಬಿಡುತ್ತಾರೆ. ಎರಡು ಕೋಣೆ ತುಂಬ ಹಳೇ ಸಾಮಾನು ಇದೆ, ಅರ್ಧಕ್ಕೆ ಚೀಟಿಯೇ ಇಲ್ಲ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಅಪ್ಪ 'ಕೊಟ್ಟು ಕೈ ತೊಳಕೋ' ಅನ್ನುತ್ತಾರೆ. ಏನು ಮಾಡುವುದು ಸರಿ?
– ಓದುಗರು, ಹುಬ್ಬಳ್ಳಿ

ಉತ್ತರ: ತೂಕಕ್ಕೆ ಮಾತ್ರ ಕೊಡಬೇಡಿ. ಯಾವ ಸಾಮಾನು ಯಾವ ಗಾಡಿಯದು ಎಂಬುದು ಈಗ ತಂದೆಯವರಿಗಷ್ಟೇ ಗೊತ್ತು, ಮೊದಲು ಅದು ಕಾಗದಕ್ಕೆ ಇಳಿಯಬೇಕು. ದಿನಕ್ಕೆ ಒಂದು ತಾಸು ಸಾಕು. ಅವರನ್ನು ಕುರ್ಚಿಯಲ್ಲಿ ಕೂಡಿಸಿ, ಒಂದೊಂದೇ ಸಾಮಾನು ಅವರ ಕೈಗೆ ಕೊಡಿ. ಅವರು ಹೇಳಲಿ, ನೀವು ಬರೆಯಿರಿ. ಯಾವ ಗಾಡಿ, ಯಾವ ಕಾಲದ ಮಾಡೆಲ್, ಹೊಸದೋ ಬಿಚ್ಚಿದ್ದೋ, ಅಳತೆ ಎಷ್ಟು ಎಂಬ ನಾಲ್ಕು ವಿವರ ಬೇಕು. ಸಾಮಾನಿನ ಮೇಲೆ ನೇರವಾಗಿ ಮಾರ್ಕರ್‌ನಿಂದ ಬರೆದರೆ ಎಣ್ಣೆ, ಡೀಸೆಲ್ ತಾಗಿ ಅಳಿಸುತ್ತದೆ. ಚೀಟಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಸಾಮಾನಿನ ಜೊತೆಯೇ ಹಾಕಿ ಕಟ್ಟಿ.

ಪಿಸ್ಟನ್‌ಗಳನ್ನು ಅಳತೆಯಿಂದಲೇ ಬೇರ್ಪಡಿಸಬಹುದು. ಜಾವಾ, ಯೆಜ್ಡಿ 250ರ ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ., ಬುಲೆಟ್ 350ರದು 70, ರಾಜದೂತ್ 350ರದು 64, ಆರ್‌ಎಕ್ಸ್ 100ರದು 50. ಪಿಸ್ಟನ್ ತಲೆಯ ಮೇಲೆ 25, 50, 75, 100 ಎಂಬ ಮುದ್ರೆ ಇದ್ದರೆ ಅಷ್ಟು ಓವರ್‌ಸೈಜ್ ಎಂದರ್ಥ: 50 ಅಂದರೆ ಅರ್ಧ ಮಿ.ಮೀ. ಹೆಚ್ಚು ದಪ್ಪ. ಬಿಚ್ಚಿದ ಪಿಸ್ಟನ್ ಮೇಲೆ ಮಸಿ ಕಟ್ಟಿ ಮುದ್ರೆ ಕಾಣದಿದ್ದರೆ ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ. ರಾತ್ರಿಯಿಡೀ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ನೆನೆಹಾಕಿ, ಬೆಳಗ್ಗೆ ಬಿದಿರಿನ ಚಕ್ಕೆಯಿಂದ ಉಜ್ಜಿ. ಮೈಕ್ರೋಮೀಟರ್ ಹಿಡಿಯಬೇಕಾದದ್ದು ಪಿನ್ನಿಗೆ ಅಡ್ಡಲಾಗಿ, ಪಿಸ್ಟನ್ನಿನ ಕೆಳಭಾಗದಲ್ಲಿ. ಮೇಲ್ಭಾಗ ಮಾಡುವಾಗಲೇ ಸಣ್ಣದಿರುತ್ತದೆ, ಅಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ರಬ್ಬರ್ ಸಾಮಾನು ಡಬ್ಬಿ ಬಿಚ್ಚದಿದ್ದರೂ ಹಳತೇ. ಆಯಿಲ್ ಸೀಲಿನ ತುಟಿಯನ್ನು ಉಗುರಿನಿಂದ ಒತ್ತಿ ನೋಡಿ. ಬಿರುಕು ಬಿಟ್ಟರೆ, ಅಥವಾ ಒತ್ತಿದ ಗುರುತು ಹಾಗೇ ಉಳಿದರೆ ಬಿಸಾಡಿ, ಮಾರಬೇಡಿ. ಕೊಂಡವನ ಇಂಜಿನ್ ಹಾಳಾಗುತ್ತದೆ, ನಿಮ್ಮ ತಂದೆಯ ಹೆಸರೂ ಕೆಡುತ್ತದೆ. ಹಳೆ ಕಂಡೆನ್ಸರ್ (ಕಿಡಿಯ ಪಾಯಿಂಟಿನ ಜೊತೆಗಿರುವ ವಿದ್ಯುತ್ ಸಾಮಾನು) ಹೊರಗೆ ಹೊಸದಾಗಿ ಹೊಳೆದರೂ ಒಳಗಿನ ಕಾಗದ ಸತ್ವ ಕಳೆದುಕೊಂಡಿರಬಹುದು. ಅಂಥದ್ದು ತಣ್ಣಗಿದ್ದಾಗ ಓಡಿ, ಬಿಸಿಯಾದೊಡನೆ ಕೈಕೊಡುತ್ತದೆ. ಗ್ಯಾರಂಟಿ ಇಲ್ಲವೆಂದು ಹೇಳಿಯೇ ಕೊಡಿ. ಜಾವಾದ ಕಾರ್ಕ್ ಕ್ಲಚ್ ಪ್ಲೇಟ್ ಒಣಗಿದ್ದರೂ ಕೆಟ್ಟಿರಬೇಕೆಂದಿಲ್ಲ. ಹಾಕುವ ಮೊದಲು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಲು ಕೊಳ್ಳುವವರಿಗೆ ತಿಳಿಸಿ. ಬೇರಿಂಗ್ ತೊಳೆದು ತಿರುಗಿಸಿ. ತುಕ್ಕಿನ ಚುಕ್ಕೆ ಕಂಡರೆ ಗುಜರಿಗೆ, ಇಲ್ಲದಿದ್ದರೆ ಗ್ರೀಸ್ ಹಚ್ಚಿ ಕಾಗದದಲ್ಲಿ ಸುತ್ತಿಡಿ.

ಜೋಡಿ ಮುರಿಯಬೇಡಿ. ಒಟ್ಟಿಗೆ ಸವೆದ ಗೇರುಗಳು ಒಟ್ಟಿಗೇ ಹೋಗಲಿ, ಬೇರೆ ಗೇರಿನ ಜೊತೆ ಅವು ಕಿರುಗುಟ್ಟುತ್ತವೆ. ಇಂಜಿನ್ನಿನ ಕೆಳಗೂಡಾದ ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳೂ ಹಾಗೇ. ಒಂದೊಂದನ್ನೇ ಮಾರಿದರೆ ಇಬ್ಬರಿಗೂ ಪ್ರಯೋಜನವಿಲ್ಲ.

ಕೊನೆಯದಾಗಿ ಹತಾರಗಳು. ಪುಲ್ಲರ್ (ಬಿಗಿಯಾಗಿ ಕೂತ ಸಾಮಾನನ್ನು ಎಳೆದು ತೆಗೆಯುವ ಹತಾರ), ಕ್ಲಚ್ ಹಿಡಿಯುವ ಕಬ್ಬಿಣ, ತಂದೆಯವರೇ ಲೇತಿನಲ್ಲಿ ಮಾಡಿಸಿಕೊಂಡ ಬುಷ್‌ಗಳು ನೋಡಿದವರಿಗೆ ಬರೇ ಕಬ್ಬಿಣದ ತುಂಡಿನಂತೆ ಕಾಣುತ್ತವೆ. ನಿಜಕ್ಕೂ ಆ ಕೋಣೆಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳವು ಇವೇ. ಪ್ರತಿಯೊಂದಕ್ಕೂ ಅದರ ಕೆಲಸ ಬರೆದ ಚೀಟಿ ಕಟ್ಟಿ, ಇದೇ ಕಸುಬು ಮುಂದುವರಿಸುವವರಿಗೆ ಒಟ್ಟಿಗೆ ಕೊಡಿ.

ಪ್ರಶ್ನೆ: ನನ್ನದು ಎಪ್ಪತ್ತರ ದಶಕದ ಬುಲೆಟ್ 350. ಮೊದಲಿನಿಂದಲೂ ಒಬ್ಬರೇ ಮೇಸ್ತ್ರಿ ನೋಡಿದ್ದಾರೆ. ಅವರು ನಿವೃತ್ತರಾಗುವ ಮೊದಲು ಏನು ಕೇಳಿ ತಿಳಿದುಕೊಳ್ಳಬೇಕು?
– ಓದುಗರು, ಧಾರವಾಡ

ಉತ್ತರ: ಮೊದಲು ನಿಮ್ಮ ಗಾಡಿಯ ಜಾತಕ ಬರೆಸಿಕೊಳ್ಳಿ. ಎಷ್ಟು ಸಲ ಬೋರ್ ಮಾಡಿಸಿದೆ, ಈಗ ಎಷ್ಟು ಓವರ್‌ಸೈಜ್ ಪಿಸ್ಟನ್ ಇದೆ, ಕಾರ್ಬೋರೇಟರಿನ ಮೇನ್ ಜೆಟ್, ಪೈಲಟ್ ಜೆಟ್ ನಂಬರ್, ಗೇರ್‌ಬಾಕ್ಸ್ ಸ್ಪ್ರಾಕೆಟ್ಟಿನ ಹಲ್ಲು ಎಷ್ಟು, ಯಾವ ನಟ್ಟಿನ ಥ್ರೆಡ್ ಹೋಗಿ ಬೇರೆ ಅಳತೆಯದು ಹಾಕಿದ್ದಾರೆ ಇದೆಲ್ಲ. ಈ ಕೊನೆಯ ಮಾತು ಎಲ್ಲರೂ ಮರೆಯುತ್ತಾರೆ. ಹೊಸ ಮೆಕ್ಯಾನಿಕ್ ಅಸಲಿ ಬೋಲ್ಟ್ ತುರುಕಿ ಉಳಿದ ಥ್ರೆಡ್ಡನ್ನೂ ಕೆಡಿಸುವುದು ಇಂಥ ಕಡೆಯೇ.

ಆಮೇಲೆ ಎರಡು ಕೆಲಸ ಅವರ ಎದುರಿಗೇ ನಿಮ್ಮ ಕೈಯಿಂದ ಮಾಡಿ ಕಲಿಯಿರಿ. ಒಂದು ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಕೊಂಡಿಗಳ ಸಡಿಲು ಹೊಂದಿಸುವುದು. ಇಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಶನ್ನಿನ ತುದಿಯಲ್ಲಿ ಇರಬೇಕು. ಬಲಬದಿಯ ಸಣ್ಣ ಕವರ್ ತೆಗೆದರೆ ಪುಶ್‌ರಾಡ್‌ಗಳ ಬುಡ ಕಾಣುತ್ತದೆ. ಈ ಇಂಜಿನ್ನಿಗೆ ಫೀಲರ್ ಗೇಜಿನ ಸಂದು ಇಡುವುದಿಲ್ಲ. ಪುಶ್‌ರಾಡ್ ಬೆರಳಿನಿಂದ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಒಂದಿಷ್ಟೂ ಆಡಬಾರದು. ಲಾಕ್‌ನಟ್ ಬಿಗಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಿ, ಏಕೆಂದರೆ ಬಿಗಿಯುವಾಗಲೇ ಅದು ಸರಿಯುತ್ತದೆ. ಬಿಗಿಯಾಗಿ ಬಿಟ್ಟರೆ ವಾಲ್ವ್ ಪೂರ್ತಿ ಕೂಡದೆ ಕಂಪ್ರೆಶನ್ ಹೋಗುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಸಡಿಲವಿದ್ದರೆ ಟಕಟಕ ಸದ್ದು ಬರುತ್ತದೆ, ಎರಡರಲ್ಲಿ ಇದೇ ಕಡಿಮೆ ಅಪಾಯದ್ದು.

ಇನ್ನೊಂದು ಪಾಯಿಂಟ್, ಅಂದರೆ ತೆರೆದೊಡನೆ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಪುಟ್ಟ ಸ್ವಿಚ್. ಸಂದು 0.35ರಿಂದ 0.40 ಮಿ.ಮೀ. ಮೊದಲು ಸಂದು, ಆಮೇಲೆ ಟೈಮಿಂಗ್ (ಕಿಡಿ ಹಾರುವ ಹೊತ್ತು). ಈ ಕ್ರಮ ತಿರುವುಮುರುವಾಗಬಾರದು. ಸಂದು ಬದಲಾದರೆ ಟೈಮಿಂಗ್ ತಾನಾಗಿಯೇ ಬದಲಾಗುತ್ತದೆ. ಅಡ್ವಾನ್ಸ್ ಯೂನಿಟ್ (ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತ ಮಾಡುವ ಭಾಗ) ವಿಶ್ರಾಂತಿಯಲ್ಲಿರುವಾಗ, ಪಿಸ್ಟನ್ ತುದಿ ಮುಟ್ಟಲು 0.8 ಮಿ.ಮೀ. ಇರುವಾಗ ಪಾಯಿಂಟ್ ಆಗಷ್ಟೇ ತೆರೆಯಬೇಕು. ತೆರೆದ ಕ್ಷಣ ತಿಳಿಯಲು ಬೀಡಿ ಕಟ್ಟಿನ ತೆಳು ಕಾಗದವನ್ನು ಪಾಯಿಂಟಿನ ನಡುವೆ ಹಿಡಿದು ಮೆಲ್ಲಗೆ ಎಳೆಯುತ್ತಿರಿ. ಅದು ಜಾರಿಬಂದಾಗ ತೆರೆದಿದೆ. ಆಮೇಲೆ ಕಾಗದದ ಎಳೆ ಒಳಗೆ ಉಳಿಯದಂತೆ ಒರೆಸಿ. ಕ್ಯಾಮಿಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆದಂತೆ ಸಂದು ಕಿರಿದಾಗಿ ಕಿಡಿ ತಡವಾಗುತ್ತದೆ, ಗಾಡಿ ಕಾದು ಬಲ ಕಳೆದುಕೊಳ್ಳುತ್ತದೆ. ಕ್ಯಾಮಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಸಾಕು, ಹೆಚ್ಚಾದರೆ ಪಾಯಿಂಟಿನ ಮೇಲೆ ಸಿಡಿಯುತ್ತದೆ.

ಟೈಮಿಂಗ್ ಕವರ್ ಬಿಚ್ಚಿದಾಗಲೆಲ್ಲ ಕ್ವಿಲ್ ಬೋಲ್ಟಿನ ಸೀಲ್ ಬದಲಿಸಲು ಹೊಸ ಮೆಕ್ಯಾನಿಕ್‌ಗೆ ತಪ್ಪದೆ ಹೇಳಿ. ಕೆಲವೇ ರೂಪಾಯಿಯ ಸಾಮಾನು ಅದು, ಆದರೆ ಬಿಗ್ ಎಂಡಿಗೆ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗಿಗೆ) ಎಣ್ಣೆ ಹೋಗುವ ದಾರಿಯೇ ಅದರ ಮೂಲಕ. ಅದು ಸೋರಿದರೆ ಕನೆಕ್ಟಿಂಗ್ ರಾಡ್ ಕೂಗುವವರೆಗೂ ಹೊರಗೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ನನ್ನ ಯೆಜ್ಡಿ ದಟ್ಟ ಹೊಗೆ ಬಿಡುತ್ತದೆ. ಗೇರ್ ಆಯಿಲ್ ಕಡಿಮೆಯಾಗುತ್ತಿದೆ, ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಹೊಸ ಮೆಕ್ಯಾನಿಕ್ ಪಿಸ್ಟನ್ ಬದಲಿಸೋಣ, ಅಲ್ಲಿವರೆಗೆ ಪೆಟ್ರೋಲಿಗೆ ಎಣ್ಣೆ ಕಡಿಮೆ ಹಾಕಿ ಎಂದರು. ಹಳೆ ಮೇಸ್ತ್ರಿ ಕಾಕಾ ಅಂಗಡಿ ಬಿಟ್ಟು ಊರಿಗೆ ಹೋದರು.
– ಓದುಗರು, ಗದಗ

ಉತ್ತರ: ಪಿಸ್ಟನ್ ಮುಟ್ಟಬೇಡಿ, ಎಣ್ಣೆಯಂತೂ ಕಡಿಮೆ ಮಾಡಲೇಬೇಡಿ. ಲೀಟರಿಗೆ 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ ಇರಲಿ, ಹೊಸ ಬೋರ್ ಆದಾಗ 50. ಎಣ್ಣೆ ಕಡಿಮೆಯಾದರೆ ಬೇಸಿಗೆಯಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಹೊರಗೆ ಸೋರದೆ ಗೇರ್ ಆಯಿಲ್ ಇಳಿಯುತ್ತಿದೆ ಎಂದರೆ ಕ್ಲಚ್ ಬದಿಯ, ಅಂದರೆ ಎಡಬದಿಯ ಕ್ರ್ಯಾಂಕ್ ಸೀಲ್ ಹೋಗಿದೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸ್ ಗಾಳಿ ಎಳೆಯುವಾಗ ಆ ಸಂದಿನಿಂದ ಗೇರ್ ಆಯಿಲ್ಲನ್ನೂ ಎಳೆದು ಸುಡುತ್ತದೆ. ಈ ಗಾಡಿಯಲ್ಲಿ ಕ್ಲಚ್ಚಿಗೂ ಗೇರಿಗೂ ಒಂದೇ ಎಣ್ಣೆ, ಹಾಗಾಗಿ ಹೊಗೆಯಾಗಿ ಹೋಗುತ್ತಿರುವುದು ಗೇರ್‌ಬಾಕ್ಸಿನ ಎಣ್ಣೆಯೇ. ಡೈನಮೋ ಬದಿಯ ಸೀಲ್ ಹೋದರೆ ಲಕ್ಷಣ ಬೇರೆ: ಎಣ್ಣೆಯ ಬದಲು ಗಾಳಿ ಒಳಗೆ ಬರುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಏರುತ್ತಲೇ ಇರುತ್ತದೆ, ಪ್ಲಗ್ ಬಿಳಿಚಿಕೊಳ್ಳುತ್ತದೆ. ಎರಡೂ ಸೀಲ್ ಒಟ್ಟಿಗೇ ಬದಲಿಸಿ.

ಪ್ರೈಮರಿ ಸ್ಪ್ರಾಕೆಟ್ ಪುಲ್ಲರ್ ಇಲ್ಲದವರ ಕೈಗೆ ಈ ಕೆಲಸ ಕೊಡಬೇಡಿ. ಸುತ್ತಿಗೆಯಲ್ಲಿ ಬಡಿದರೆ ಪ್ರೆಸ್ ಮಾಡಿ ಕೂಡಿಸಿದ ಕ್ರ್ಯಾಂಕ್ ಓರೆಯಾಗುತ್ತದೆ. ಆಮೇಲೆ ಎಷ್ಟು ಸೀಲ್ ಹಾಕಿದರೂ ನಿಲ್ಲುವುದಿಲ್ಲ. ಸೀಲ್ ಕೂಡುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಓಡಿಸಿ. ಗೀರು ಸಿಕ್ಕರೆ ಹೊಸ ಸೀಲನ್ನು ಜಾಗವಿದ್ದರೆ ಒಂದು ಮಿ.ಮೀ. ಆಚೀಚೆ ಕೂಡಿಸಬೇಕು, ಇಲ್ಲವೇ ಲೇತಿನಲ್ಲಿ ಸ್ಲೀವ್ ಹಾಕಿಸಬೇಕು. ಬೇರಿಂಗ್ ಆಡುತ್ತಿದ್ದರೆ ಅದನ್ನೂ ಬದಲಿಸಿ. ಸೀಲಿನ ತುಟಿಗೆ ಎಣ್ಣೆ ಸವರಿಯೇ ಕೂಡಿಸಿ. ಕೆಲಸವಾದ ಮೇಲೂ ಕೆಲವು ದಿನ ಹೊಗೆ ಬಂದರೆ ಗಾಬರಿ ಬೇಡ, ಸೈಲೆನ್ಸರಿನಲ್ಲಿ ಕುಳಿತ ಹಳೆ ಎಣ್ಣೆ ಸುಡುತ್ತಿರುತ್ತದೆ.

ಪ್ರಶ್ನೆ: ಅಂಗಡಿ ಬಿಡುತ್ತಿದ್ದೇನೆ. ಗಿರಾಕಿಗಳು ವರ್ಷಗಟ್ಟಲೆ ಹಿಂದೆ ಬಿಟ್ಟುಹೋದ ಮೂರು ಗಾಡಿಗಳಿವೆ, ಕೂಲಿಯೂ ಬಂದಿಲ್ಲ. ಕೊಳ್ಳುವವರು ಬಂದು ಕೇಳುತ್ತಿದ್ದಾರೆ. ಮಾರಬಹುದೇ?
– ಓದುಗರು, ಹಾವೇರಿ

ಉತ್ತರ: ಮಾರಬೇಡಿ, ಬಿಡಿಭಾಗ ಬಿಚ್ಚಿಯೂ ಮಾರಬೇಡಿ. 1872ರ ಕರಾರು ಕಾಯ್ದೆಯ 170ನೇ ಕಲಂ ಕೂಲಿ ಬರುವವರೆಗೆ ಗಾಡಿಯನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಕೊಡುತ್ತದೆಯೇ ಹೊರತು ಮಾರುವ ಹಕ್ಕನ್ನಲ್ಲ. ಚಾಸಿಸ್ ನಂಬರ್, ಇಂಜಿನ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಫೋಟೋ ಇಡಿ. ಬಾಕಿ ಹಣ, ಕೊನೆಯ ದಿನಾಂಕ ಬರೆದು ಮಾಲೀಕರ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಕಳಿಸಿ, ರಸೀದಿ ಜೋಪಾನ ಮಾಡಿ. ಉತ್ತರ ಬರದಿದ್ದರೆ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ, ಮುಂದಿನದನ್ನು ವಕೀಲರ ಮೂಲಕ ಮಾಡಿ.

ಮಾಲೀಕರು ಸಿಕ್ಕು ಮಾರಲು ಒಪ್ಪಿದರೆ ಆರ್‌ಟಿಓದಲ್ಲಿ ಹೆಸರು ವರ್ಗಾವಣೆಗೆ ಫಾರಂ 29, 30. ತೀರಿಹೋಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಫಾರಂ 25, ಗಾಡಿಯನ್ನು ತಪಾಸಣೆಗೆ ತೋರಿಸಬೇಕು. ಐವತ್ತು ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನಿಯಮದಲ್ಲಿ 'ವಿಎ' ನಂಬರ್ ಸಿಗುತ್ತದೆ: ಹೊಸ ನೋಂದಣಿಗೆ 20,000 ರೂ., ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗಷ್ಟೇ. ಹೊಲಕ್ಕೆ, ಸಂತೆಗೆ ಹೋಗಲು ಗಾಡಿ ಬೇಕೆನ್ನುವವರಿಗೆ ಹಳೆಯ ಆರ್‌ಸಿ ನವೀಕರಿಸಿಕೊಳ್ಳುವುದೇ ಒಳ್ಳೆಯದು.

ಪ್ರಶ್ನೆ: ಬೇರೆ ಮೇಸ್ತ್ರಿ ಸಿಗುವವರೆಗೆ ಗಾಡಿಯನ್ನು ನಿಲ್ಲಿಸಿಡಬೇಕು. ಹೇಗೆ?
– ಓದುಗರು, ಲಕ್ಷ್ಮೇಶ್ವರ

ಉತ್ತರ: ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಮಳೆಗಾಲದಲ್ಲಿ ಅದು ತೇವ ಎಳೆದುಕೊಳ್ಳುತ್ತದೆ. ಟ್ಯಾಂಕ್, ಕಾರ್ಬೋರೇಟರ್ ಎರಡನ್ನೂ ಬರಿದು ಮಾಡಿ. ಬರಿದಾದ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಸ್ವಲ್ಪ ಟೂ ಸ್ಟ್ರೋಕ್ ಎಣ್ಣೆ ಸುರಿದು ಒಳಗೆಲ್ಲ ಹರಡುವಂತೆ ಅಲ್ಲಾಡಿಸಿ. ಪ್ಲಗ್ ತೆಗೆದು ಒಂದು ಚಮಚ ಎಣ್ಣೆ ಬಿಟ್ಟು ಕಿಕ್ಕರನ್ನು ಕೈಯಿಂದ ಕೆಲವು ಸಲ ಒತ್ತಿ. ಬ್ಯಾಟರಿ ಬಿಚ್ಚಿಡಿ, ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ. ಬುಲೆಟ್ ಆದರೆ ಮತ್ತೆ ಚಾಲೂ ಮಾಡುವ ಮೊದಲು ಕ್ರ್ಯಾಂಕ್‌ಕೇಸಿಗೆ ಇಳಿದು ನಿಂತ ಎಣ್ಣೆಯನ್ನು ಡ್ರೈನ್ ಬೋಲ್ಟ್ ಬಿಚ್ಚಿ ತೆಗೆಯಿರಿ.

ಪ್ರಶ್ನೆ: ಗುರುಗಳ ಅಂಗಡಿಯನ್ನು ನಾನೇ ನಡೆಸಬೇಕೆಂದಿದ್ದೇನೆ. ಎಲ್ಲ ಕೆಲಸ ಕೈಗೆ ಬರುತ್ತದೆ. ಮೊದಲು ಯಾವುದಕ್ಕೆ ದುಡ್ಡು ಹಾಕಲಿ?
– ಓದುಗರು, ಬೆಟಗೇರಿ

ಉತ್ತರ: ಬೋರ್ಡಿಗೆ, ಬಣ್ಣಕ್ಕೆ ಆಮೇಲೆ ನೋಡಿ. 50–75 ಮಿ.ಮೀ. ಮೈಕ್ರೋಮೀಟರ್, ಬೋರ್ ಗೇಜ್, ಸ್ಟ್ಯಾಂಡ್ ಸಮೇತ ಡಯಲ್ ಗೇಜ್ ಕೊಳ್ಳಿ. ಗುರುಗಳ ಬೆರಳಿಗೆ ತಿಳಿಯುತ್ತಿದ್ದ ಅಳತೆ ನಿಮ್ಮ ಬೆರಳಿಗೆ ಬರುವವರೆಗೆ ಇವು ಬೇಕೇ ಬೇಕು. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆಯೂ ಉದ್ದಕ್ಕೆ ಮತ್ತು ಅಡ್ಡಕ್ಕೆ ಅಳೆದು ಗಿರಾಕಿಯ ಹೆಸರಿನ ಪುಟದಲ್ಲಿ ಬರೆಯುವ ರೂಢಿ ಮೊದಲ ದಿನದಿಂದಲೇ ಇರಲಿ.

ಗುರುಗಳು ಅಂಗಡಿಯಲ್ಲಿ ಇರುವಾಗಲೇ ಅವರ ಜೊತೆ ಅವರ ಲೇತ್ ಅಂಗಡಿಗಳಿಗೆ ಹೋಗಿ ಬನ್ನಿ. ಕ್ರ್ಯಾಂಕ್ ಪ್ರೆಸ್ ಮಾಡುವವರು ಯಾರು, ಬೋರಿಂಗ್ ಯಾರದು ನೇರ ಬರುತ್ತದೆ ಎಂಬುದು ಅವರಿಗೇ ಗೊತ್ತು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತುವಿನಲ್ಲಿ ಲೇತ್ ಕೆಲಸದವರು ಬೇಕಾದಷ್ಟಿದ್ದಾರೆ, ಆದರೆ ಹಳೆ ಇಂಜಿನ್ ಕೆಲಸಕ್ಕೆ ಒಗ್ಗಿದ ಕೈ ಬೇರೆ. ಅಂಗಡಿಗೆ ಜಿಎಸ್‌ಟಿ ನೋಂದಣಿ ಇದ್ದರೆ ಅದು ಗುರುಗಳ ಹೆಸರಿನದು, ನಿಮಗೆ ಹಾಗೇ ಬರುವುದಿಲ್ಲ. ಅವರು ಆರ್‌ಇಜಿ-16 ಅರ್ಜಿ ಹಾಕಿ ರದ್ದು ಮಾಡಿಸಬೇಕು, ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 (ಕೊನೆಯ ರಿಟರ್ನ್) ಸಲ್ಲಿಸಬೇಕು. ಟ್ರೇಡ್ ಲೈಸನ್ಸನ್ನು ನಗರಸಭೆಯಲ್ಲಿ ನಿಮ್ಮ ಹೆಸರಿಗೆ ಹೊಸದಾಗಿ ಮಾಡಿಸಿ. ಕೊಂಡ ಸಾಮಾನಿನ ಪಟ್ಟಿಗೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.